ಪೊಲೀಸರನ್ನು ಪೂರ್ತಿ ನಂಬದ ಕಾನೂನು

‘ಸಹಿ ನನ್ನದೇ ಸ್ವಾಮಿ. ಆದರೆ ಕಾಗದದಲ್ಲಿ ಏನು ಬರೆದಿತ್ತೋ ನನಗೆ ಗೊತ್ತಿಲ್ಲ.’

ಯಾವುದೇ ತಾಲ್ಲೂಕಿನ ಕ್ರಿಮಿನಲ್ ಕೋರ್ಟಿನಲ್ಲಿ ಅರ್ಧ ದಿನ ಕುಳಿತರೆ ಈ ಧಾಟಿಯ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಸಾಕ್ಷಿಕಟ್ಟೆ ಹತ್ತಿ ನಿಂತವನು ಹೋಟೆಲಿನ ಮಾಣಿಯೋ, ಆಟೊ ಓಡಿಸುವವನೋ, ಠಾಣೆಯ ಎದುರಿನ ಬೀಡಾ ಅಂಗಡಿಯವನೋ ಆಗಿರುತ್ತಾನೆ. ಪೊಲೀಸರು ಕರೆದರು, ಹೋದೆ. ಸಹಿ ಹಾಕು ಎಂದರು, ಹಾಕಿದೆ. ಅವನ ಸಾಕ್ಷ್ಯ ಅಷ್ಟಕ್ಕೇ ಮುಗಿಯುತ್ತದೆ. ಸಾಕ್ಷಿ ಪ್ರತಿಕೂಲವಾಗಿದ್ದಾನೆಂದು ಘೋಷಿಸುವಂತೆ ಸರ್ಕಾರಿ ವಕೀಲರು ಕೋರುತ್ತಾರೆ, ನ್ಯಾಯಾಧೀಶರು ಬರೆಸುತ್ತಾರೆ, ಜವಾನ ಮುಂದಿನ ಹೆಸರು ಕೂಗುತ್ತಾನೆ. ಕೋರ್ಟಿನ ವರದಿಗೆ ಹೋಗುವ ನಮ್ಮಂಥವರು ಇದನ್ನು ಸುದ್ದಿಯೆಂದು ಬರೆದುಕೊಳ್ಳುವುದನ್ನೂ ಬಿಟ್ಟಿದ್ದೇವೆ.

ಈತನೇ ಪಂಚ. ಪೊಲೀಸರು ಒಂದು ಮನೆಯನ್ನೋ ಅಂಗಡಿಯನ್ನೋ ತಪಾಸಣೆ ಮಾಡಿ ಏನನ್ನಾದರೂ ವಶಪಡಿಸಿಕೊಂಡಾಗ ಅದನ್ನು ಕಣ್ಣಾರೆ ಕಂಡಿರಬೇಕಾದ ಸ್ಥಳೀಯ. ಅವನು ಸಹಿ ಹಾಕುವ ಕಾಗದಕ್ಕೆ ಹಳೇ ಮೈಸೂರಿನ ಕಡೆ ಮಹಜರು ಎನ್ನುತ್ತಾರೆ, ಬೆಳಗಾವಿ ಧಾರವಾಡಗಳ ಕಡೆ ಪಂಚನಾಮೆ. ಪಂಚ ಎಂದರೆ ಐದು. ಕಾನೂನು ಕೇಳುವುದು ಇಬ್ಬರನ್ನು ಮಾತ್ರ. ಉಳಿದ ಮೂವರು ಎಂದು, ಎಲ್ಲಿ ಕಳೆದುಹೋದರೆಂದು ಯಾರೂ ಕೇಳಿದಂತಿಲ್ಲ.

ದಾರಿಯಲ್ಲಿ ಪೊಲೀಸರು ತಡೆದು ಜೇಬು, ಚೀಲ, ಮೊಬೈಲುಗಳನ್ನು ನೋಡಹೊರಟಾಗ ಸಾಮಾನ್ಯನಿಗೆ ಇರುವ ಹಕ್ಕುಗಳೇನು ಎಂದು ಕೇಳುವವರು ಈಗ ಬಹಳ ಮಂದಿ. ಆ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಈ ಮಾಣಿಯನ್ನು ದಾಟಿ ಹೋಗಲು ಸಾಧ್ಯವಿಲ್ಲ. ಸಮವಸ್ತ್ರ, ಲಾಠಿ, ಬಂದೂಕು ಎಲ್ಲವನ್ನೂ ಕೊಟ್ಟು ಬೀದಿಗೆ ಕಳುಹಿಸಿದ ತನ್ನದೇ ನೌಕರನ ಮಾತನ್ನು ನಂಬದೆ, ಲೋಟ ತೊಳೆಯುವ ಹುಡುಗನನ್ನು ಕರೆದು ‘ನೀನು ನೋಡಿದೆಯಾ’ ಎಂದು ಸರ್ಕಾರ ಕೇಳುತ್ತದಲ್ಲ, ಇದು ಹೇಗೆ ಬಂತು? ಕತೆ ಶುರುವಾಗುವುದು ಮದರಾಸಿನಲ್ಲಿ.

1854ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಒಂದು ಆಪಾದನೆ ಕೇಳಿಬಂತು. ಮದರಾಸು ಪ್ರಾಂತದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಹೊರಡಿಸುವುದಕ್ಕೂ ರೈತರನ್ನು ಚಿತ್ರಹಿಂಸೆಗೆ ಗುರಿಪಡಿಸಲಾಗುತ್ತಿದೆ ಎಂಬುದು ಆ ಆಪಾದನೆ. ಕಂಪನಿಯ ಪರ ವಹಿಸಿದವರು ಅದೆಲ್ಲ ಸುಳ್ಳೆಂದರು. ಕೊನೆಗೆ ಇ.ಎಫ್. ಎಲಿಯಟ್, ಎಚ್. ಸ್ಟೋಕ್ಸ್, ಜಾನ್ ಬ್ರೂಸ್ ನಾರ್ಟನ್ ಎಂಬ ಮೂವರ ಆಯೋಗ ನೇಮಕವಾಯಿತು. ಬಳ್ಳಾರಿಯೂ, ಉತ್ತರ ದಕ್ಷಿಣವೆಂದು ಇನ್ನೂ ಒಡೆದಿರದ ಕೆನರಾ ಜಿಲ್ಲೆಯೂ ಆಗ ಇದೇ ಪ್ರಾಂತದಲ್ಲಿದ್ದವು. ಆಯೋಗಕ್ಕೆ ಬಂದ ದೂರುಗಳು ಸುಮಾರು ಎರಡು ಸಾವಿರ. ನೂರಾರು ಮೈಲಿ ನಡೆದು ಬಂದು ಹೇಳಿಕೊಂಡವರಿದ್ದರು.

ಆಯೋಗದ 1855ರ ವರದಿಯಲ್ಲಿರುವ ವಿವರಗಳನ್ನು ಇಂದು ಓದಿದರೂ ಮೈ ಜುಮ್ಮೆನ್ನುತ್ತದೆ. ‘ಕಿಟ್ಟಿ’ ಎಂಬ ಮರದ ಇಕ್ಕಳದ ನಡುವೆ ಕೈ ಬೆರಳುಗಳನ್ನು ಸಿಕ್ಕಿಸಿ ಹಿಂಡುವುದು, ತಲೆ ಬಾಗಿಸಿ ಕೊರಳನ್ನು ಕಾಲ್ಬೆರಳಿಗೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು, ಕಣ್ಣಿಗೆ ಮೆಣಸಿನಪುಡಿ. ಹಿಂಸೆ ನಡೆದಿರುವುದು ನಿಜ ಎಂದು ಆಯೋಗ ಒಪ್ಪಿತು. ತಪ್ಪನ್ನು ಮಾತ್ರ ಕೆಳಹಂತದ ದೇಶೀಯ ನೌಕರರ ತಲೆಗೆ ಕಟ್ಟಿ ಬಿಳಿ ಅಧಿಕಾರಿಗಳನ್ನು ಪಾರುಮಾಡಿತು. ಎರಡು ವರ್ಷಗಳ ನಂತರ, 1857ರ ದಂಗೆಯ ಹೊತ್ತಿಗೆ, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕಾರ್ಲ್ ಮಾರ್ಕ್ಸ್ ಭಾರತದ ಈ ಚಿತ್ರಹಿಂಸೆಯ ಬಗ್ಗೆಯೇ ಲೇಖನ ಬರೆದ.

ಆಯೋಗ ಕಂಡುಕೊಂಡ ಮುಖ್ಯ ಕಾರಣ ಸರಳವಾಗಿತ್ತು. ಕಂದಾಯ ವಸೂಲಿ ಮಾಡುವವನೂ ಕಳ್ಳನನ್ನು ಹಿಡಿಯುವವನೂ ಒಬ್ಬನೇ, ತಹಸೀಲ್ದಾರ. ಎರಡು ಕೆಲಸಗಳನ್ನೂ ಬೇರ್ಪಡಿಸಬೇಕೆಂಬ ಅದರ ಸಲಹೆಯ ಹಿಂದೆಯೇ 1859ರಲ್ಲಿ ಮದರಾಸು ಪೊಲೀಸ್ ಕಾಯ್ದೆ, 1861ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಪೊಲೀಸ್ ಕಾಯ್ದೆ ಬಂದವು. ಪೊಲೀಸ್ ಎಂಬ ಪ್ರತ್ಯೇಕ ಇಲಾಖೆ ಹುಟ್ಟಿದ ವರ್ಷವೇ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ಇಲಾಖೆಯ ಮೇಲಿನ ಅಪನಂಬಿಕೆಯೂ ಅಚ್ಚಾಯಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂದಿತು ಅದು.

1872ರಲ್ಲಿ ಭಾರತೀಯ ಸಾಕ್ಷ್ಯ ಕಾಯ್ದೆ ಬರೆದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಅದನ್ನೇ 25ನೇ ಕಲಮಾಗಿ ಅಲ್ಲಿಗೆ ತಂದ. ಬಿಸಿಲಲ್ಲಿ ಪುರಾವೆ ಹುಡುಕಿ ಅಲೆಯುವುದಕ್ಕಿಂತ ನೆರಳಲ್ಲಿ ಕುಳಿತು ಬಡಪಾಯಿಯ ಕಣ್ಣಿಗೆ ಖಾರ ಸವರುವುದು ಪೊಲೀಸಿನವನಿಗೆ ಸುಲಭದ ಕೆಲಸ ಎಂದು ಅನುಭವಿ ಅಧಿಕಾರಿಯೊಬ್ಬ ತನಗೆ ಹೇಳಿದ್ದಾಗಿ ಸ್ಟೀಫನ್ ಮುಂದೆ ಬರೆದುಕೊಂಡಿದ್ದಾನೆ. ಭಾರತೀಯರ ಬಗ್ಗೆ ಅವನಿಗೆ ವಿಶೇಷ ಮಮತೆಯೇನೂ ಇರಲಿಲ್ಲ. ಆದರೆ ಠಾಣೆಯೊಳಗೆ ಏನಾಗುತ್ತದೆ ಎಂಬುದರಲ್ಲಿ ಭ್ರಮೆಯೂ ಇರಲಿಲ್ಲ.

ಈ ನಿಯಮಕ್ಕೆ ಒಂದು ಕಿಂಡಿಯನ್ನೂ ಇಟ್ಟರು. ಪೊಲೀಸರ ವಶದಲ್ಲಿರುವ ಆರೋಪಿ ಹೇಳಿದ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, ಪತ್ತೆಗೆ ಕಾರಣವಾದಷ್ಟು ಮಾತು ಸಾಕ್ಷ್ಯವಾಗುತ್ತದೆ. ಅದು 27ನೇ ಕಲಂ. ‘ಆರೋಪಿ ತೋರಿಸಿಕೊಟ್ಟ ಪೊದೆಯಲ್ಲಿ ಮಚ್ಚು ಸಿಕ್ಕಿತು’ ಎಂದು ನಾವು ಪತ್ರಿಕೆಯಲ್ಲಿ ಬರೆಯುವ ಸಾಲಿನ ಮೂಲ ಇದು. ಕೊಲೆ, ಕಳವಿನ ಎಷ್ಟೋ ಮೊಕದ್ದಮೆಗಳು ಇದರ ಮೇಲೆಯೇ ನಿಂತಿರುತ್ತವೆ. ಮಚ್ಚು ನಿಜಕ್ಕೂ ಆ ಪೊದೆಯಲ್ಲಿತ್ತೋ ಅಥವಾ ಜೀಪಿನಲ್ಲಿ ಬಂತೋ ಎಂಬುದನ್ನು ಹೇಳಬೇಕಾದವನು ಯಾರು? ಮತ್ತೆ ನಮ್ಮ ಪಂಚ.

ತಪಾಸಣೆಯ ವೇಳೆ ಅವನು ಇರಲೇಬೇಕೆಂಬ ನಿಯಮ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 103ನೇ ಕಲಂ. 1973ರ ಸಂಹಿತೆಯಲ್ಲಿ ಅದು 100 ಆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಪುನಃ 103ಕ್ಕೇ ಬಂದು ಕೂತಿದೆ. ಸಂಖ್ಯೆ ಬದಲಾದರೂ ತಿರುಳು ಬಹುಮಟ್ಟಿಗೆ ಅದೇ. ತಪಾಸಣೆ ಆರಂಭಿಸುವ ಮೊದಲೇ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರನ್ನು ಕರೆಸಬೇಕು. ಅವರ ಎದುರಿನಲ್ಲೇ ತಪಾಸಣೆ ನಡೆಯಬೇಕು. ಏನೇನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಪಟ್ಟಿ ಬರೆದು ಅವರ ಸಹಿ ಪಡೆಯಬೇಕು. ಮನೆಯವರಿಗೆ ಅಲ್ಲಿ ಹಾಜರಿರಲು ಅವಕಾಶ ಕೊಡಬೇಕು, ಪಟ್ಟಿಯ ಪ್ರತಿಯನ್ನೂ ಕೊಡಬೇಕು. ಆ ಸ್ಥಳದಲ್ಲಿರುವ ಯಾರಾದರೂ ಮೈಮೇಲೆ ವಸ್ತು ಬಚ್ಚಿಟ್ಟಿದ್ದಾರೆಂದು ಸಕಾರಣ ಅನುಮಾನ ಬಂದರೆ ಅವರ ಮೈ ತಪಾಸಣೆಯನ್ನೂ ಮಾಡಬಹುದು. ಹೆಂಗಸಾದರೆ ಹೆಂಗಸೇ ಮಾಡಬೇಕು, ಮಾನಮರ್ಯಾದೆಗೆ ಕುಂದು ಬಾರದಂತೆ. ಒಳಹೋಗುವ ಪೊಲೀಸರು ಮೊದಲು ತಮ್ಮ ಜೇಬುಗಳನ್ನೇ ಪಂಚರಿಗೆ ತೋರಿಸಿ ಹೋಗುವ ಒಂದು ಪದ್ಧತಿಯೂ ಇದೆ. ಮುದ್ದೆಮಾಲನ್ನು ತಾವೇ ತಂದಿಟ್ಟರೆಂಬ ಮಾತು ಬರಬಾರದೆಂದು. ಕೋರ್ಟುಗಳು ಅದನ್ನು ಒಳ್ಳೆಯ ಪದ್ಧತಿಯೆಂದೇ ಪರಿಗಣಿಸಿವೆ.

ಓದಲು ಎಷ್ಟು ಚೆನ್ನಾಗಿದೆ! ಆದರೆ ಗೌರವಸ್ಥರು ಯಾರೂ ಬರುವುದಿಲ್ಲ. ಸಕಾರಣವಿಲ್ಲದೆ ಪಂಚನಾಗಲು ನಿರಾಕರಿಸುವುದೂ ಶಿಕ್ಷಾರ್ಹ ಎಂದು ಕಾನೂನು ಹೆದರಿಸಿದರೂ, ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾದ ಕೆಲಸಕ್ಕೆ ಯಾರು ಹೆಗಲು ಕೊಟ್ಟಾರು? ಹಾಗಾಗಿ ಠಾಣೆಯ ಋಣದಲ್ಲಿರುವವರೇ ಪಂಚರಾಗುತ್ತಾರೆ. ಒಬ್ಬನೇ ಮನುಷ್ಯ ಹತ್ತಾರು ಮೊಕದ್ದಮೆಗಳಲ್ಲಿ ಪಂಚನಾಗಿರುವುದು ಬಯಲಾದಾಗ ಆರೋಪಿಯ ವಕೀಲರಿಗೆ ಹಬ್ಬ. ಸ್ಥಳೀಯರು ಸಿಗದಿದ್ದರೆ ಬೇರೆ ಪ್ರದೇಶದವರನ್ನು ಕರೆಯಬಹುದೆಂದು 1973ರ ಸಂಹಿತೆಯೇ ಬಾಗಿಲು ತೆರೆಯಿತು. ಮಾಣಿ ಒಳಬಂದದ್ದು ಹೀಗೆ.

ಇದಿಷ್ಟೂ ಸಾಮಾನ್ಯ ಕಾನೂನಿನ ಮಾತು. ಶಾಸನಸಭೆ ಮನಸ್ಸು ಮಾಡಿದರೆ ಇದನ್ನು ಬದಲಿಸಬಹುದು. 2000ದ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪುತ್ತದೆ. 1861ರ ಆ ಅಪನಂಬಿಕೆ ಅಲ್ಲಿ ಸಡಿಲಗೊಂಡಿತು. ಹಾಗಾದರೆ ಸಂವಿಧಾನವೇನು ಹೇಳುತ್ತದೆ?

ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಜನರ ಮೈ, ಮನೆ, ಕಾಗದಪತ್ರ, ಸೊತ್ತುಗಳನ್ನು ಅಕಾರಣ ತಪಾಸಣೆ ಮತ್ತು ಜಪ್ತಿಯಿಂದ ರಕ್ಷಿಸುತ್ತದೆ. ಅಂಥದೇ ಒಂದು ಸಾಲು ನಮ್ಮ ಸಂವಿಧಾನಕ್ಕೂ ಬರುವುದರಲ್ಲಿತ್ತು. 1947ರಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಯ ಮುಂದೆ ಡಾ. ಅಂಬೇಡ್ಕರ್ ಹಾಗೂ ಕೆ.ಎಂ. ಮುನ್ಶಿ ಇಟ್ಟ ಕರಡುಗಳಲ್ಲಿ ಅದಿತ್ತು. ಅದಕ್ಕೆ ಅಡ್ಡ ಬಂದ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಅವರದು. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು ಐ.ಸಿ.ಎಸ್. ಅಧಿಕಾರಿ, ನ್ಯಾಯಾಧೀಶರಾಗಿದ್ದವರು. ವಾರಂಟಿಲ್ಲದೆ ತಪಾಸಣೆ ಮಾಡಲು ತನಿಖಾಧಿಕಾರಿಗಿರುವ ಅಧಿಕಾರಕ್ಕೆ ಈ ಸಾಲು ಅಡ್ಡಿಯಾಗಬಹುದು, ತನಿಖೆಯೇ ಕುಂಟಬಹುದು ಎಂಬುದು ಅವರ ಆತಂಕ. ವಿಭಜನೆಯ ಹೊಸ್ತಿಲಲ್ಲಿ, ಗಲಭೆಗಳ ನಡುವೆ ಬರೆದ ಟಿಪ್ಪಣಿ ಅದು ಎಂಬುದನ್ನು ನೆನೆಯಬೇಕು. ಸಾಲು ಬಿದ್ದುಹೋಯಿತು.

1948ರ ಡಿಸೆಂಬರ್‌ನಲ್ಲಿ ಖಾಜಿ ಸಯ್ಯದ್ ಕರೀಮುದ್ದೀನ್ ಎಂಬ ಸದಸ್ಯರು ಅದನ್ನೇ ತಿದ್ದುಪಡಿಯಾಗಿ ಮತ್ತೆ ತಂದರು. ಈ ರಕ್ಷಣೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈಗಾಗಲೇ ಇದೆ, ಆದರೂ ಶಾಸಕಾಂಗದ ಕೈಗೆ ಎಟುಕದಂತೆ ಸಂವಿಧಾನದಲ್ಲಿಡುವುದು ಒಳ್ಳೆಯದು ಎಂದು ಅಂಬೇಡ್ಕರ್ ಅದರ ಪರವಾಗಿಯೇ ಮಾತನಾಡಿದರು. ಅವರು ಒಪ್ಪಿದರೂ ಸಭೆ ಒಪ್ಪಲಿಲ್ಲ. ಮತಕ್ಕೆ ಹಾಕಿದಾಗ ತಿದ್ದುಪಡಿ ಬಿತ್ತು.

ಆ ನಷ್ಟವನ್ನು ಅಂಬೇಡ್ಕರ್ ಬೇರೊಂದು ದಾರಿಯಲ್ಲಿ ಸ್ವಲ್ಪಮಟ್ಟಿಗೆ ತುಂಬಿದರು. ಜೀವ ಮತ್ತು ಸ್ವಾತಂತ್ರ್ಯದ ವಿಧಿಯಿಂದ ‘ಯುಕ್ತ ಕಾನೂನು ಪ್ರಕ್ರಿಯೆ’ ಎಂಬ ಮಾತನ್ನು ತೆಗೆದುಹಾಕಿದ್ದಕ್ಕೆ ಸಭೆಯಲ್ಲೂ ಹೊರಗೂ ಅಸಮಾಧಾನವಿತ್ತು. ಅದಕ್ಕೆ ಪರಿಹಾರವೆಂಬಂತೆ 1949ರ ಸೆಪ್ಟೆಂಬರ್‌ನಲ್ಲಿ ಅವರು ಮಂಡಿಸಿದ್ದೇ ಇಂದಿನ 22ನೇ ವಿಧಿ. ದಸ್ತಗಿರಿಯಾದವನಿಗೆ ಕಾರಣ ಹೇಳಬೇಕು, ಅವನಿಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದೇ ವಿಧಿಯಲ್ಲಿ ಮುನ್ನೆಚ್ಚರಿಕೆಯ ಬಂಧನಕ್ಕೂ ಜಾಗ ಕೊಟ್ಟದ್ದು ಬೇರೆಯೇ ಕತೆ. ಏನೇ ಇರಲಿ, ದಸ್ತಗಿರಿಗೆ ಸಂವಿಧಾನದ ಕಾವಲು ಸಿಕ್ಕಿತು, ತಪಾಸಣೆಗೆ ಸಿಗಲಿಲ್ಲ.

ಸಿಗಲಿಲ್ಲ ಎಂಬುದು ಬೇಗನೆ ಗೊತ್ತಾಯಿತು. ದಾಲ್ಮಿಯಾ ಸಮೂಹದ ಕಂಪನಿಯೊಂದರ ವ್ಯವಹಾರಕ್ಕೆ ಸಂಬಂಧಿಸಿ 34 ಕಡೆ ನಡೆದ ತಪಾಸಣೆಗಳನ್ನು ಪ್ರಶ್ನಿಸಿದ ಎಂ.ಪಿ. ಶರ್ಮಾ ಪ್ರಕರಣದಲ್ಲಿ, 1954ರಲ್ಲಿ, ಎಂಟು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇದನ್ನೇ: ಅಮೆರಿಕದ ನಾಲ್ಕನೇ ತಿದ್ದುಪಡಿಯಂಥ ಸಾಲನ್ನು ಸಂವಿಧಾನಕಾರರು ಇಡದೆ ಹೋದಮೇಲೆ ನಾವು ಅದನ್ನು ಎಲ್ಲಿಂದಲೋ ಎಳೆದು ತರಲಾಗದು.

ನಂತರ ಬಂದವನು ಉತ್ತರ ಪ್ರದೇಶದ ಖರಕ್ ಸಿಂಗ್. 1941ರಲ್ಲಿ ಡಕಾಯಿತಿಯೊಂದರಲ್ಲಿ ಅವನನ್ನು ಹಿಡಿದರು, ಪುರಾವೆ ಸಾಲದೆ ಬಿಟ್ಟರು. ಬಿಟ್ಟರು ಎಂದರೆ ಪೂರ್ತಿ ಬಿಡಲಿಲ್ಲ. ಅವನ ಹೆಸರಿನಲ್ಲೊಂದು ‘ಹಿಸ್ಟರಿ ಶೀಟ್’ ತೆರೆದರು. ನಮ್ಮಲ್ಲಿ ರೌಡಿ ಶೀಟ್ ಎನ್ನುವುದರ ಹತ್ತಿರದ ನೆಂಟ ಅದು. ಅಂದಿನಿಂದ ಪೊಲೀಸರು ರಾತ್ರಿ ಹೊತ್ತಿನಲ್ಲಿ ಬಂದು ಬಾಗಿಲು ತಟ್ಟುವುದು, ಎಬ್ಬಿಸಿ ಮನೆಯಲ್ಲೇ ಇದ್ದಾನೆಂದು ಖಾತ್ರಿ ಮಾಡಿಕೊಂಡು ಹೋಗುವುದು, ಊರು ಬಿಟ್ಟರೆ ಎಲ್ಲಿಗೆ ಹೋದನೆಂದು ಮುಂದಿನ ಠಾಣೆಗೆ ತಿಳಿಸುವುದು ಮುಂದುವರಿಯಿತು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ರಾತ್ರಿ ಬಾಗಿಲು ತಟ್ಟುವುದನ್ನು ರದ್ದು ಮಾಡಿತು. ಹಿಂದೆ ಮುಂದೆ ಕಣ್ಣಿಡುವುದನ್ನು ರದ್ದು ಮಾಡಲಿಲ್ಲ. ಖಾಸಗಿತನದ ಹಕ್ಕು ಸಂವಿಧಾನದಲ್ಲಿಲ್ಲ ಎಂದಿತು. ಆರು ನ್ಯಾಯಮೂರ್ತಿಗಳಲ್ಲಿ ಸುಬ್ಬರಾವ್ ಮತ್ತು ಶಾ ಇಬ್ಬರೇ ಭಿನ್ನ ದನಿ ಎತ್ತಿದರು: ಸದಾ ಕಣ್ಗಾವಲಿನಲ್ಲಿ ಬದುಕುವವನು ಬೇಲಿಯಿಲ್ಲದ ಕಡೆಯೂ ಸ್ವತಂತ್ರನಲ್ಲ ಎಂಬ ಅರ್ಥದಲ್ಲಿ.

ಆ ಎರಡು ತೀರ್ಪುಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾದಿಗಡ್ಡವಾಗಿ ಕೂತಿದ್ದವು. ಅವನ್ನು ಕದಲಿಸಿದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 2024ರಲ್ಲಿ ತೀರಿಕೊಂಡ ಕೆ.ಎಸ್. ಪುಟ್ಟಸ್ವಾಮಿ ಅವರದು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ಸರ್ಕಾರ ಎತ್ತಿ ಹಿಡಿದ ಗುರಾಣಿಯೇ ಶರ್ಮಾ ಮತ್ತು ಖರಕ್ ಸಿಂಗ್ ತೀರ್ಪುಗಳು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು, ಆ ಹಳೆಯ ತೀರ್ಪುಗಳ ವಿರುದ್ಧದ ಮಾತು ಇನ್ನು ನಡೆಯದು ಎಂದರು. ಮಂಗಳೂರಿನ ರಾಯರು ಬೇಡವೆಂದ ಸಾಲು, ಸುತ್ತುಬಳಸಿನ ದಾರಿಯಲ್ಲಿ, ಬೆಂಗಳೂರಿನ ನ್ಯಾಯಮೂರ್ತಿಯೊಬ್ಬರ ಅರ್ಜಿಯಿಂದ ಅರ್ಧದಷ್ಟು ವಾಪಸು ಬಂತು.

ಅರ್ಧದಷ್ಟು ಎಂದೆ. ಯಾಕೆಂದರೆ ಹಕ್ಕು ಇದ್ದರೆ ಸಾಲದು, ಮುರಿದರೆ ಏನು ಎಂಬುದೂ ಗೊತ್ತಿರಬೇಕು. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಅಮೆರಿಕದ ಸಿನಿಮಾ ನೋಡಿದವರು, ಅಕ್ರಮ ತಪಾಸಣೆಯಲ್ಲಿ ಸಿಕ್ಕಿದ್ದನ್ನು ಕೋರ್ಟು ಎತ್ತಿ ಎಸೆಯುತ್ತದೆ ಎಂದು ತಿಳಿದಿರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಆದಾಯ ತೆರಿಗೆ ದಾಳಿಗೆ ಸಂಬಂಧಿಸಿದ ಪೂರಣ್ ಮಲ್ ಪ್ರಕರಣದಲ್ಲಿ, 1973ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟು ಹೇಳಿದ ಮಾತು ಇಂದಿಗೂ ಸಾಮಾನ್ಯ ನಿಯಮ: ಸಾಕ್ಷ್ಯ ಪ್ರಸ್ತುತವಾಗಿದ್ದರೆ ಸಾಕು, ಅದು ಸಿಕ್ಕ ದಾರಿ ತಪ್ಪಾಗಿತ್ತು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಪಂಚರಿಲ್ಲದ ತಪಾಸಣೆ ಅನುಮಾನಕ್ಕೆ ಎಡೆ ಮಾಡುತ್ತದೆ, ತೂಕ ಕಳೆದುಕೊಳ್ಳುತ್ತದೆ. ಆದರೆ ತಾನಾಗಿ ಸತ್ತುಹೋಗುವುದಿಲ್ಲ. ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ದೊಡ್ಡ ಕೊರತೆ ಇದು. ಕಾವಲುಗಾರನಿದ್ದಾನೆ, ಅವನು ನಿದ್ದೆ ಹೋದರೆ ಕೇಳುವವರಿಲ್ಲ.

ಒಂದು ಕಡೆ ಮಾತ್ರ ಕಾನೂನು ಗಟ್ಟಿಯಾಗಿ ನಿಂತಿದೆ. 1985ರ ಮಾದಕ ವಸ್ತುಗಳ ಕಾಯ್ದೆಯಲ್ಲಿ ಶಿಕ್ಷೆಗಳು ಭಾರಿ. ಪುಟ್ಟ ಪೊಟ್ಟಣವೊಂದು ಜೇಬಿಗೆ ಬಿದ್ದರೆ ಬದುಕೇ ಮುಗಿಯಬಹುದು. ಅದಕ್ಕೇ ಅದರ 50ನೇ ಕಲಂ, ಮೈ ತಪಾಸಣೆಗೆ ಒಳಗಾಗುವವನು ಬಯಸಿದರೆ ಅವನನ್ನು ಸಮೀಪದ ಮ್ಯಾಜಿಸ್ಟ್ರೇಟ್ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಕರೆದೊಯ್ದು ತಪಾಸಣೆ ಮಾಡಬೇಕು ಎನ್ನುತ್ತದೆ. ಅಂಥದೊಂದು ಹಕ್ಕು ಇದೆ ಎಂದೇ ಗೊತ್ತಿಲ್ಲದವನು ಬಯಸುವುದು ಹೇಗೆ? ಪಂಜಾಬ್ ರಾಜ್ಯ ಮತ್ತು ಬಲದೇವ್ ಸಿಂಗ್ ನಡುವಿನ ಪ್ರಕರಣದಲ್ಲಿ 1999ರ ಜುಲೈನಲ್ಲಿ ಸಂವಿಧಾನ ಪೀಠ ಉತ್ತರ ಕೊಟ್ಟಿತು. ಹಕ್ಕು ಇದೆಯೆಂದು ಪೊಲೀಸರೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಆ ಮೈ ತಪಾಸಣೆಯಲ್ಲಿ ಸಿಕ್ಕಿದ್ದನ್ನೇ ನಂಬಿ ಶಿಕ್ಷೆ ಕೊಡುವಂತಿಲ್ಲ. ಸುಮಾರಾಗಿ ಪಾಲಿಸಿದ್ದೇವೆ ಎಂದರೆ ಸಾಲದು, ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದು 2010ರಲ್ಲಿ ಇನ್ನೊಂದು ಸಂವಿಧಾನ ಪೀಠ ಖಚಿತಪಡಿಸಿತು.

ಹಾಗೆಂದು ನಿರಾಳವಾಗುವಂತಿಲ್ಲ. ಹೆಗಲಿನ ಚೀಲ ಮೈಯ ಭಾಗವೇ? ಅಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಚೀಲ, ಸೂಟ್‌ಕೇಸುಗಳ ತಪಾಸಣೆಗೆ 50ನೇ ಕಲಮಿನ ರಕ್ಷಣೆ ಇಲ್ಲ. ಅಂಗಿಯ ಜೇಬಿಗೊಂದು ನ್ಯಾಯ, ಅದರ ಮೇಲೆ ತೂಗುವ ಚೀಲಕ್ಕೊಂದು ನ್ಯಾಯ!

ಇನ್ನು ರಸ್ತೆಗೆ ಬರೋಣ. ನಾಕಾಬಂದಿಯಲ್ಲಿ ಬೈಕು ನಿಲ್ಲಿಸಿದ ಪೊಲೀಸರು ಏನೆಲ್ಲ ಕೇಳಬಹುದು? ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕ ಲೈಸೆನ್ಸ್ ತೋರಿಸಲೇಬೇಕು. ಸಮವಸ್ತ್ರ ಎಂಬ ಮಾತು ಕಾಯ್ದೆಯಲ್ಲೇ ಇದೆ. 2018ರ ತಿದ್ದುಪಡಿಯ ನಂತರ ಡಿಜಿಲಾಕರ್‌ನಲ್ಲಿರುವ ದಾಖಲೆಯೂ ಅಸಲಿಗೆ ಸಮ. ಆದರೆ ದಾಖಲೆ ಕೇಳುವ ಅಧಿಕಾರ ಬೇರೆ, ಜೇಬಿಗೆ ಕೈ ಹಾಕುವ ಅಧಿಕಾರ ಬೇರೆ. ದಾರಿಹೋಕರನ್ನು ಸುಮ್ಮನೆ ನಿಲ್ಲಿಸಿ ಮೈ ತಡಕುವುದಕ್ಕೆ ಸಂಹಿತೆಯಲ್ಲಿ ಒಂದು ಸಾಮಾನ್ಯ ಕಲಂ ಎಂಬುದಿಲ್ಲ. ದಸ್ತಗಿರಿಯಾದವನ ಮೈ ತಪಾಸಣೆ ಮಾಡಬಹುದು, ಆಗ ವಶಪಡಿಸಿಕೊಂಡ ವಸ್ತುಗಳಿಗೆ ರಸೀದಿ ಕೊಡಬೇಕು. ಮಾದಕ ವಸ್ತುಗಳ ಕಾಯ್ದೆಯಂಥ ವಿಶೇಷ ಕಾನೂನುಗಳು ಸಾರ್ವಜನಿಕ ಸ್ಥಳದಲ್ಲೇ ತಡೆದು ನೋಡುವ ಅಧಿಕಾರ ಕೊಡುತ್ತವೆ, ಅದಕ್ಕೂ ಅಪರಾಧ ನಡೆದಿದೆ ಎಂದು ನಂಬಲು ಕಾರಣ ಇರಬೇಕು. ವಾರಂಟಿಲ್ಲದೆ ಮನೆಯನ್ನೋ ಅಂಗಡಿಯನ್ನೋ ತಪಾಸಣೆ ಮಾಡುವ ತನಿಖಾಧಿಕಾರಿ ಮೊದಲೇ ಕಾರಣ ಬರೆದಿಡಬೇಕು, ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಹಾಗಾಗಿ ‘ಯಾವ ಕಾಯ್ದೆಯಡಿ ಸ್ವಾಮಿ?’ ಎಂಬುದು ಕೇಳತಕ್ಕ ಪ್ರಶ್ನೆ. ಕೈಮುಗಿದು ಕೇಳಿದರೂ ನಡೆದೀತು, ಕೇಳಬೇಕು. ತಳ್ಳಾಡಿದರೆ, ಓಡಿದರೆ ಮಾತ್ರ ತಕರಾರು ಬೇರೆಯೇ ಆಗಿಬಿಡುತ್ತದೆ. ಹೊಸ ಸಂಹಿತೆಯ 172ನೇ ಕಲಂ, ಕರ್ತವ್ಯ ನಿರತ ಪೊಲೀಸರ ಕಾನೂನುಬದ್ಧ ಸೂಚನೆಯನ್ನು ಧಿಕ್ಕರಿಸಿದವರನ್ನು ಸ್ಥಳದಿಂದ ಒಯ್ಯಲು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ಅಥವಾ ಸಣ್ಣ ಪ್ರಕರಣವಾದರೆ 24 ಗಂಟೆಗಳೊಳಗೆ ಬಿಡಲು ಅವಕಾಶ ಕೊಟ್ಟಿದೆ. ಸೂಚನೆ ಕಾನೂನುಬದ್ಧವೇ ಅಲ್ಲವೇ ಎಂದು ರಸ್ತೆಯಲ್ಲಿ ನಿರ್ಧರಿಸುವವರು ಯಾರು ಎಂಬ ಪ್ರಶ್ನೆಯನ್ನು ಓದುಗರೇ ಊಹಿಸಿಕೊಳ್ಳಬಹುದು.

ಮೊಬೈಲಿನ ಮಾತು ಇನ್ನೂ ಹೊಸದು. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಪೊಲೀಸರು ದಾರಿಯಲ್ಲಿ ಹೋಗುವವರನ್ನು ತಡೆದು, ವಾಟ್ಸ್‌ಆ್ಯಪ್ ಮಾತುಕತೆಯಲ್ಲಿ ಗಾಂಜಾ ಎಂಬ ಪದ ಇದೆಯೇ ಎಂದು ಹುಡುಕುತ್ತಿದ್ದ ದೃಶ್ಯ ದೇಶವೆಲ್ಲ ಹರಿದಾಡಿತು. ಅದಕ್ಕೂ ಮೊದಲೇ, ಆ ವರ್ಷದ ಮಾರ್ಚ್‌ನಲ್ಲಿ, ಕರ್ನಾಟಕ ಹೈಕೋರ್ಟು ಈ ಬಗ್ಗೆ ವಿಸ್ತಾರವಾದ ತೀರ್ಪು ಕೊಟ್ಟಿತ್ತು. ಫೋನನ್ನು ಶೋಧಿಸಲು, ತುರ್ತು ಸಂದರ್ಭ ಬಿಟ್ಟರೆ, ವಾರಂಟ್ ಬೇಕು; ಪಾಸ್‌ವರ್ಡ್ ಕೊಡೆಂದು ತನಿಖಾಧಿಕಾರಿ ತಾನೇ ಬಲವಂತ ಮಾಡುವಂತಿಲ್ಲ, ಕೋರ್ಟಿನಿಂದ ಆದೇಶ ತರಬೇಕು. ಕೋರ್ಟು ಹೇಳಿದಾಗ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಎಂದೂ ಅದು ಹೇಳಿತು.

ತಪಾಸಣೆ ದಸ್ತಗಿರಿಗೆ ತಿರುಗಿದರೆ ಕಾವಲು ಬಿಗಿಯಾಗಿದೆ, ಅದೂ ಒಬ್ಬೊಬ್ಬರ ಸಂಕಟದಿಂದ ಬಂದದ್ದು. 1994ರ ಜನವರಿಯಲ್ಲಿ ಜೋಗಿಂದರ್ ಕುಮಾರ್ ಎಂಬ 28ರ ವಯಸ್ಸಿನ ವಕೀಲನನ್ನು ಘಾಜಿಯಾಬಾದಿನ ಪೊಲೀಸರು ವಿಚಾರಣೆಗೆಂದು ಕರೆಸಿಕೊಂಡರು. ಸಂಜೆಗೆ ಬಿಡುತ್ತೇವೆ ಎಂದವರು ಐದು ದಿನ ಬಿಡಲಿಲ್ಲ, ಎಲ್ಲಿದ್ದಾನೆಂದು ಮನೆಯವರಿಗೆ ಹೇಳಲೂ ಇಲ್ಲ. ಆ ಪ್ರಕರಣದ ತೀರ್ಪು ಬರೆದವರು ನಮ್ಮ ಹೈಕೋರ್ಟಿನಿಂದ ಹೋಗಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಎನ್. ವೆಂಕಟಾಚಲಯ್ಯ. ದಸ್ತಗಿರಿ ಮಾಡುವ ಅಧಿಕಾರ ಇರುವುದು ಒಂದು, ಅದನ್ನು ಬಳಸಲು ಸಮರ್ಥನೆ ಇರುವುದು ಇನ್ನೊಂದು ಎಂದರು ಅವರು. ದೇಶದ ದಸ್ತಗಿರಿಗಳಲ್ಲಿ ಶೇಕಡಾ 60ರ ಹತ್ತಿರದಷ್ಟು ಅನಗತ್ಯವಾದವು ಎಂಬ ರಾಷ್ಟ್ರೀಯ ಪೊಲೀಸ್ ಆಯೋಗದ ಮಾತನ್ನು ಅದೇ ತೀರ್ಪು ನೆನಪಿಸಿತು.

ಪಶ್ಚಿಮ ಬಂಗಾಳದಲ್ಲಿ ಕಾನೂನು ನೆರವಿನ ಕೆಲಸದಲ್ಲಿದ್ದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ 1986ರಲ್ಲಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ಪರಿಗಣಿಸಿ, ಹತ್ತು ವರ್ಷಗಳ ನಂತರ, 1996ರ ಡಿಸೆಂಬರ್‌ನಲ್ಲಿ ಹನ್ನೊಂದು ಸೂತ್ರಗಳನ್ನು ಕೊಟ್ಟಿತು. ಪೊಲೀಸರ ಎದೆಯ ಮೇಲೆ ಓದುವಂತೆ ಹೆಸರು ಇರಬೇಕು, ದಸ್ತಗಿರಿ ಪತ್ರಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕು, ಹತ್ತಿರದವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಇವುಗಳಲ್ಲಿ ಹಲವು ಮುಂದೆ ಸಂಹಿತೆಯೊಳಕ್ಕೇ ಸೇರಿದವು. ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮೊದಲು ಮಹಿಳೆಯರನ್ನು ವಿಶೇಷ ಸಂದರ್ಭ ಬಿಟ್ಟು ದಸ್ತಗಿರಿ ಮಾಡಬಾರದೆಂಬ ನಿಯಮವೂ ಬಂತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಸ್ತಗಿರಿಯ ಕಾರಣಗಳನ್ನು ಬರೆದೇ ಕೊಡಬೇಕು, ಅದೂ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಎಂದಿದೆ. ಕನ್ನಡ ಮಾತ್ರ ಬಲ್ಲವನ ಕೈಗೆ ಇಂಗ್ಲಿಷ್ ಕಾಗದ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನು ನಡೆಯದು.

ಮದರಾಸಿನಲ್ಲಿ ಹುಟ್ಟಿದ ಅಪನಂಬಿಕೆಗೆ 2024ರಲ್ಲಿ ಹೊಸ ಉಪಕರಣವೊಂದು ಸಿಕ್ಕಿತು. ಹೊಸ ಸಂಹಿತೆಯ 105ನೇ ಕಲಂ ಪ್ರಕಾರ ಸ್ಥಳವೊಂದರ ತಪಾಸಣೆ, ವಸ್ತುಗಳ ಜಪ್ತಿ, ಪಟ್ಟಿ ಬರೆಯುವುದು, ಅದಕ್ಕೆ ಸಾಕ್ಷಿಗಳು ಸಹಿ ಹಾಕುವುದು ಎಲ್ಲವನ್ನೂ ದೃಶ್ಯ ಮತ್ತು ಧ್ವನಿ ಸಮೇತ, ಸಾಧ್ಯವಾದಷ್ಟೂ ಮೊಬೈಲಿನಲ್ಲೇ, ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಪಂಚರನ್ನು ಕಾನೂನು ಕೈಬಿಟ್ಟಿಲ್ಲ. ಪಂಚರ ಪಕ್ಕದಲ್ಲಿ ಕ್ಯಾಮೆರಾ ಬಂದು ನಿಂತಿದೆ. ಅದನ್ನು ಹಿಡಿದಿರುವ ಕೈ ಪೊಲೀಸರದೇ, ಯಾವಾಗ ಒತ್ತಬೇಕು ಯಾವಾಗ ನಿಲ್ಲಿಸಬೇಕು ಎಂಬುದೂ ಅವರ ಬೆರಳಲ್ಲೇ ಇದೆ. ಆದರೂ ಹೋಟೆಲಿನ ಮಾಣಿ ಸಹಿ ಹಾಕುವ ಮುನ್ನ ಕಾಗದವನ್ನು ಓದಿದನೇ, ಯಾರಾದರೂ ಅವನಿಗೆ ಓದಿ ಹೇಳಿದರೇ ಎಂಬುದು ಇನ್ನು ಮುಂದೆ ಆ ಚಿತ್ರದಲ್ಲಿ ಕಾಣಬೇಕು.